ನೋವಿಲ್ಲದ ಹಲ್ಲು

ಕೆಸೆನ್ನುಮಾ
ನವೆಂಬರ್ 9

ಪ್ರೀತಿಯ ಹೊನಾಮಿ,

ಅಕ್ಕಿ, ಅಜ್ಜಿ ಒಣಗಿಸಿದ ಮೂಲಂಗಿ ಇರುವ ಪೆಟ್ಟಿಗೆಯಲ್ಲೇ ಈ ಕಾಗದವನ್ನೂ ಇಡುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಮಾತು ತೇಲಿಸಿಬಿಡುತ್ತೀಯ.

ಹಲ್ಲಿನ ಡಾಕ್ಟರ ಬಳಿ ಹೋಗು ಎಂದು ಬೇಸಿಗೆಯಿಂದ ಹೇಳುತ್ತಿದ್ದೇನೆ. ನಿಮ್ಮ ಹಾಸ್ಟೆಲಿನಲ್ಲಿ ತಪ್ಪದೆ ತಪಾಸಣೆಗೆ ಹೋಗುವವಳು ಒಬ್ಬಳೇ, ಅವಳನ್ನು ಎಲ್ಲರೂ ‘ಅಜ್ಜಿ’ ಎಂದು ಕರೆಯುತ್ತೇವೆ ಎಂದು ನೀನು ನಕ್ಕೆ. “ನೋವೇ ಇಲ್ಲ ಅಮ್ಮ. ಸುಮ್ನೆ ಬಾಯಿ ತೆಗೆದು ಕೂತ್ರೆ ಅವ್ರೇ ಏನಾದ್ರೂ ಹುಡುಕಿ ಕೊಡ್ತಾರೆ” ಎಂದೆ. ನಾನು ಫೋನ್ ಇಟ್ಟುಬಿಟ್ಟೆ. ಸಿಟ್ಟಿನಿಂದಲ್ಲ. ನಿನ್ನ ಕೇಗೊ ಮಾವ ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ದನಿಯಲ್ಲಿ ಹೇಳಿದ್ದ. ಅವನಿಗೂ ಆಗ ನಿನ್ನದೇ ವಯಸ್ಸು, ವಿಶ್ವವಿದ್ಯಾಲಯದ ಎರಡನೇ ವರ್ಷ.

ರಜೆಗೆ ಬಂದಿದ್ದವನನ್ನು, ಭೂಕಂಪದ ಮಧ್ಯಾಹ್ನ, ಊರೊಳಗೆ ನುಗ್ಗಿದ ಕಡಲು ಕೊಂಡೊಯ್ದಿತು ಎಂದಷ್ಟೇ ನಿನಗೆ ಗೊತ್ತು. ಆಮೇಲಿನದನ್ನು ನಾನು ಹೇಳಿರಲಿಲ್ಲ. ಶಾಲೆಯೊಂದರ ಸಭಾಂಗಣದಲ್ಲಿ ಹೆಸರಿಲ್ಲದವರನ್ನು ಸಾಲಾಗಿ ಮಲಗಿಸಿದ್ದರು. ಮುಖ ನೋಡಿ ಗುರುತಿಸುವ ದಿನಗಳು ದಾಟಿದ್ದವು. ಹಲ್ಲಿನ ಡಾಕ್ಟರುಗಳು ಒಂದೊಂದೇ ಬಾಯಿ ತೆರೆದು, ಹಳೆಯ ಎಕ್ಸ್‌ರೇಗಳೊಂದಿಗೆ ಹೋಲಿಸುತ್ತಿದ್ದರು. ನಮ್ಮ ಮುಂದೆ ನಿಂತಿದ್ದ ಮೀನಿನಂಗಡಿಯವರು, ಸಿಮೆಂಟು ತುಂಬಿಸಿದ್ದ ಒಂದು ದವಡೆ ಹಲ್ಲಿನಿಂದಾಗಿ, ಸಂಜೆಯೊಳಗೆ ಹೆಂಡತಿಯನ್ನು ಮನೆಗೆ ಕರೆದೊಯ್ದರು.

“ನಿಮ್ಮ ತಮ್ಮ ಯಾವ ಡಾಕ್ಟ್ರ ಹತ್ರ ಹೋಗ್ತಿದ್ರು?” ಎಂದು ಡಾಕ್ಟರೊಬ್ಬರು ನನ್ನನ್ನು ಕೇಳಿದರು. ಯಾರ ಹತ್ತಿರವೂ ಇಲ್ಲ. ಮೇಲಿನ ಕೋರೆಹಲ್ಲೊಂದು ಪಕ್ಕದ್ದರ ಮೇಲೇರಿತ್ತು ಎಂದೆ. ಯಾವ ಕಡೆಯದು ಎಂದರು. ಅಜ್ಜಿ ಎಡ ಎಂದರು, ನಾನು ಬಲ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

ಈಗಲೂ ಅವನು ಕನಸಿನಲ್ಲಿ ಬಂದು ನಗುತ್ತಾನೆ. ಆ ಹಲ್ಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕೆಲವು ಸಲ ನಗುತ್ತಿರುವುದು ನೀನು.

ನಿನ್ನ ಹಲ್ಲು ಹುಳುಕಾದೀತೆಂಬ ಭಯ ನನಗಿಲ್ಲ. ನಿನ್ನ ಬಾಯಿಯ ಒಂದು ಚಿತ್ರ ಎಲ್ಲಾದರೂ ನಿನ್ನ ಹೆಸರಿನಲ್ಲಿ ಇರಲಿ, ಅಷ್ಟೇ. ಹೆತ್ತವಳು ಮಗಳಿಗೆ ಇಂಥದ್ದನ್ನು ಬರೆಯಬಹುದೇ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ನೀನು ಹೋಗುವುದಿಲ್ಲ.

ನಿನ್ನ
ಅಮ್ಮ

ತಾ.ಕ.: ಕಳೆದ ತಿಂಗಳು ಬಂದರಿನ ಆಚೆ ಒಂದು ಮೂಳೆ ಸಿಕ್ಕಿದೆಯಂತೆ. ಅದು ಕೇಗೊನದೋ ಎಂದು ಡಿಎನ್‌ಎ ಹೋಲಿಸಲು ನನ್ನ ಕೆನ್ನೆಯ ಒಳಗಿನಿಂದ ಸ್ವಲ್ಪ ಎಂಜಲು ಬೇಕು, ನೋವೇನೂ ಆಗುವುದಿಲ್ಲ ಎಂದು ಪೊಲೀಸರು ಫೋನ್ ಮಾಡಿದ್ದರು. ಕೆಲಸವಿದೆ, ಮುಂದಿನ ವಾರ ಬರುತ್ತೇನೆ ಎನ್ನುತ್ತಲೇ ಇದ್ದೇನೆ. ಅಜ್ಜಿಗೆ ಹೇಳಿಲ್ಲ. ನೀನು ಯಾವ ದಿನ ಹೋಗುತ್ತೀಯೋ ತಿಳಿಸು. ಅದೇ ದಿನ ನಾನೂ ಹೋಗಿ ಬಾಯಿ ತೆರೆಯುತ್ತೇನೆ.