ಬೆನ್ನಿಗೆ ಕೊಟ್ಟ ಕೈ

ಪುಟ್ಟಿ,

ಇದೂ ಮೇಜಿನ ಡ್ರಾಯರಿಗೇ ಹೋಗುವ ಪತ್ರ.

ನಾಡಿದ್ದು ಜಿಮ್ನಾಸ್ಟಿಕ್ಸ್ ಸ್ಪರ್ಧೆ. ನನ್ನ ಹತ್ತು ವರ್ಷದ ಶಿಷ್ಯೆಗೆ ಬೀಮ್ ಮೇಲೆ ಹಿಂದಕ್ಕೆ ಪಲ್ಟಿ ಹೊಡೆಯುವುದು ಇನ್ನೂ ಕೈಗೂಡಿರಲಿಲ್ಲ. ಇವತ್ತು ಹತ್ತಿ ನಿಂತವಳು ಕೇಳಿದಳು: "ಮಿಸ್, ಬೆನ್ನಿಗೆ ಕೈ ಕೊಟ್ಟಿರ್ತೀರಲ್ವಾ?"

ನಮ್ಮ ಕಸುಬಿನಲ್ಲಿ ಇದಕ್ಕೆ ‘ಹೂಂ’ ಎನ್ನುತ್ತೇವೆ, ಕೊನೇ ಗಳಿಗೆಯಲ್ಲಿ ಹೇಳದೆ ಕೈ ತೆಗೆಯುತ್ತೇವೆ. ಆ ‘ಹೂಂ’ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಇಲ್ಲ ಕಣೇ, ಈ ಸಲ ಕೊಡಲ್ಲ. ಪಕ್ಕದಲ್ಲೇ ನಿಂತಿರ್ತೀನಿ."

ಮುಖ ಊದಿಸಿಕೊಂಡು ಇಳಿದುಹೋದಳು. ನೀರು ಕುಡಿದು, ಯಾರೂ ಕರೆಯದೆ ತಾನೇ ಬಂದು ಹತ್ತಿದಳು. ಪಲ್ಟಿ ಹೊಡೆದು ನಿಂತಾಗ ಕಾಲು ನಡುಗಿತು, ಅವಳು ಬೀಳಲಿಲ್ಲ.

ನೀನು ಬೀಮಿನಿಂದ ಬಿದ್ದ ದಿನ ಆಸ್ಪತ್ರೆಯ ಮಂಚದಿಂದ ಕೇಳಿದ್ದೆ: "ಅಕ್ಕಾ, ನಿನ್ನ ಕೈ ಇತ್ತು ತಾನೇ? ನಾನೇ ಸರಿಯಾಗಿ ತಿರುಗಲಿಲ್ವಾ?"

ಹೇಳದೆ ತೆಗೆದಿದ್ದ ಅದೇ ಕೈಯಲ್ಲಿ ನಿನ್ನ ತಲೆ ಸವರುತ್ತಾ ‘ಹೂಂ’ ಎಂದಿದ್ದೆ.