ನಿನ್ನ ಸಮಾಧಿಯ ಹುಲ್ಲು

ಅಕ್ಕಾ,

ನಿನ್ನನ್ನು ಮಣ್ಣು ಮಾಡಿದ ಆರು ವರ್ಷಗಳ ಮೇಲೆ ಇವತ್ತು ಮೊದಲ ಸಲ ನಿನ್ನಲ್ಲಿಗೆ ಬಂದಿದ್ದೆ. ಪೇಟೆಯ ನಡುವಿನ ಆ ಹಳೆಯ ಸ್ಮಶಾನ ಈಗ ಒಂದು ಕಾಡು. ಕಲ್ಲುಗಳ ಮೇಲೆಲ್ಲ ಅಳಿಲು, ಓತಿಕೇತಗಳ ಓಡಾಟ. ನಿನ್ನ ಹೆಸರು ಕಾಣದಷ್ಟು ಹುಲ್ಲು ಬೆಳೆದಿತ್ತು. ಕೊಯ್ಯೋಣವೆಂದು ಕುಡುಗೋಲು ತೆಗೆದೆ. ಕಾವಲುಗಾರ ಓಡಿ ಬಂದ.

"ಅಮ್ಮಾ, ಅದೊಂದು ಬಿಟ್ಬಿಡಿ. ಒಳಗೆ ಗೌಜಲಹಕ್ಕಿ ಮೊಟ್ಟೆ ಇಟ್ಟಿದೆ. ಬಲು ಜಾಣ ಹಕ್ಕಿ, ಯಾರೂ ಬರದಿರೋ ಸಮಾಧಿನೇ ಹುಡುಕುತ್ತೆ."

ಬಗ್ಗಿ ನೋಡಿದೆ. ಏಳು ಮೊಟ್ಟೆಗಳಿದ್ದವು.

"ನಿಮ್ಮವರದಾ ಇದು?" ಎಂದ.

"ಅಲ್ಲಪ್ಪ, ಪಕ್ಕದ್ದು" ಎಂದೆ.

ಅವನು ಅಲ್ಲಿಂದ ಕದಲಲಿಲ್ಲ. ಪಕ್ಕದ ಸಮಾಧಿಯ ಹುಲ್ಲನ್ನೆಲ್ಲ ಕೊಯ್ದೆ, ಕಲ್ಲನ್ನು ಉಜ್ಜಿ ತೊಳೆದೆ. ನಿನಗೆಂದು ತಂದಿದ್ದ ಹೂವನ್ನೂ ಅಲ್ಲೇ ಇಟ್ಟು ಬಂದೆ.