ಬಿಚ್ಚದ ಕರಡಿಗೆ

ನಂಜನಗೂಡು
೧೪-೧೧-೨೦೦೪, ಭಾನುವಾರ

ಮಗಳೇ ಪವಿತ್ರ, ನಿನಗೂ ಕೂಸು ಬಿಂದುಶ್ರೀಗೂ ನಿನ್ನ ಅತ್ತೆಯ ಆಶೀರ್ವಾದಗಳು.

ಚಿ. ಸೌ. ಎಂದು ಬರೆಯಲು ಹೋಗಿ ಕೈ ತಡೆಯಿತು. ನೀನು ಹೆರಿಗೆಗೆ ಹೋದಾಗ, ಹಬ್ಬಕ್ಕೆ ಹೋದಾಗ, ಹಾಗೇ ಬರೆದು ರೂಢಿ. ಈಗ ಏನೆಂದು ಬರೆಯಬೇಕೋ ತಿಳಿಯದೆ ಎರಡು ಇನ್‌ಲ್ಯಾಂಡ್ ಲೆಟರ್ ಹಾಳುಮಾಡಿದೆ. ಕೊನೆಗೆ ಬಿಂದು ಇಲ್ಲಿ ಬಿಟ್ಟುಹೋದ ಕಾಪಿ ಪುಸ್ತಕದ ಹಾಳೆಯನ್ನೇ ಹರಿದುಕೊಂಡೆ. ಮೇಲೆ ಅವಳು ಬರೆದ ಒಂದು ಕೋಳಿ ಇದೆ. ಅಳಿಸಬೇಡ, ಅವಳಿಗೆ ತೋರಿಸು.

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮಳೆ ಬೆಳೆ ಅಂತ ಸುತ್ತಿ ಬಳಸಿ ಕಾಗದ ಮುಗಿಸಿಬಿಡುವ ಜಾತಿ ನಾನು. ಚಟ ಬಿಡಿಸುವ ಆ ಕೇಂದ್ರದಲ್ಲಿ ನನ್ನ ಮಗ ರುದ್ರೇಶನಿಗೆ ಗುಳಿಗೆ ಒಯ್ದು ಕೊಟ್ಟವಳು ನೀನಲ್ಲ. ಅವನನ್ನು ಮಣ್ಣು ಮಾಡಿದ ದಿನವೇ ನನಗೆ ಇದು ಗೊತ್ತಾಯಿತು. ಗೊತ್ತಿದ್ದೂ ಹನ್ನೊಂದು ತಿಂಗಳು ಬಾಯಿ ಬಿಡಲಿಲ್ಲ. ಹನ್ನೊಂದನೆಯ ದಿನದ ಕಾರ್ಯದಲ್ಲಿ ಗಂಗಾಧರಸ್ವಾಮಿ ಭಾವನವರು ಪಂಕ್ತಿಯ ಮುಂದೆ ನಿಂತು, “ಕೋಡುಬಳೆ ಡಬ್ಬದಲ್ಲಿ ಏನೇನ್ ಮಡಗಿಕೊಂಡೋಗಿದ್ಲೋ, ಯಾರ್ ಕಂಡವ್ರೆ” ಎಂದರು. ಆಗ ನೀನು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ನಾನು ಎಲೆ ಎತ್ತುವ ನೆಪದಲ್ಲಿ ತಲೆ ತಗ್ಗಿಸಿದೆ. ಮಾರನೇ ದಿನ ನೀನು ಮಗುವನ್ನು ಕಟ್ಟಿಕೊಂಡು ನರಸೀಪುರದ ಬಸ್ಸು ಹತ್ತಿದೆ.

ಪವಿತ್ರ, ಅವನ ಕಾಯಿಲೆಯನ್ನು ಕಾಯಿಲೆ ಎಂದು ಮೊದಲು ಕರೆದವಳು ನೀನು. ಹುಲ್ಲಹಳ್ಳಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಕಾಲಿಗೆ ರಾಡು ಹಾಕಿಸಿಕೊಂಡ ಹುಡುಗ, ಡಾಕ್ಟರು ಬರೆದ ನೋವಿನ ಗುಳಿಗೆ ನುಂಗುತ್ತಾನೆ, ಅದರಲ್ಲೇನಿದೆ ಎಂದುಕೊಂಡಿದ್ದೆ. ಅವನು ಕುಡಿದವನಲ್ಲ, ಬೀಡಿ ಮುಟ್ಟಿದವನಲ್ಲ. ಕೆಲಸ ಮೆಡಿಕಲ್ ಸ್ಟೋರಿನಲ್ಲಿ, ಸುತ್ತ ಇರುವುದೆಲ್ಲ ಔಷಧಿ. ಕಾಲು ವಾಸಿಯಾದ ಮೇಲೂ ಗುಳಿಗೆ ನಿಲ್ಲಲಿಲ್ಲ, ಹಾಸಿಗೆ ಕೆಳಗೆ ಖಾಲಿ ಪಟ್ಟಿಗಳು ಸಿಕ್ಕಿದವು. ಆಗ ನೀನು, “ಅತ್ತೆ, ಇದು ನೋವಿಗಲ್ಲ, ಗುಳಿಗೆ ಇಲ್ದಿದ್ರೆ ಅವ್ರಿಗೆ ಇರಕ್ಕಾಗ್ತಿಲ್ಲ” ಎಂದೆ. ನಾನು ನಿನ್ನನ್ನೇ ಬೈದೆ. ಗಂಡನ ಮೇಲೆ ದೂರು ಹೇಳುವ ಹೆಣ್ಣು ಎಂದೆ.

ಆಮೇಲೆ ಕವಲಂದೆ ಕಡೆ ಕುಡಿತ ಬಿಡಿಸುವ ಶಿಬಿರ ಹಾಕಿದ್ದಾರೆಂದು ಕೇಳಿ ಅಲ್ಲಿಗೆ ಕರೆದುಕೊಂಡು ಹೋದದ್ದು ನಾನೇ. ಅಲ್ಲಿಯವರು ದಿನಕ್ಕೆ ಎಷ್ಟು ಪ್ಯಾಕೆಟ್ ಎಂದು ಕೇಳಿದರು. “ನಾನು ಲಿಂಗ ಕಟ್ಟಿರೋನು ಸಾ, ಹೆಂಡ ಮುಟ್ಟೋನಲ್ಲ” ಎಂದ. ಅವರೂ ನಕ್ಕರು, ನಾವೂ ನಕ್ಕೆವು. ನೋಡಿದೆಯಾ, ನನ್ನ ಮಗನಿಗೆ ಯಾವ ಚಟವೂ ಇಲ್ಲ ಎಂದು ಹೆಮ್ಮೆಯಿಂದ ಬಸ್ಸಿನಲ್ಲಿ ಕುಳಿತು ಬಂದೆ. ಎಂಥ ಹೆಮ್ಮೆ, ಥೂ.

ನೀನು ಸುಮ್ಮನಿರಲಿಲ್ಲ. ಒಬ್ಬಳೇ ಬೆಂಗಳೂರಿಗೆ ಹೋಗಿ ದೊಡ್ಡಾಸ್ಪತ್ರೆಯಲ್ಲಿ ಕೇಳಿಕೊಂಡು ಬಂದೆ. ಆ ಹಳದಿ ಕಾಗದ ಇನ್ನೂ ನನ್ನ ಹತ್ತಿರ ಇದೆ. ಒಂದು ತಿಂಗಳು ಒಳಗೆ ಇರಬೇಕು, ಮನೆಯವರೊಬ್ಬರು ಜೊತೆಗಿರಬೇಕು, ಮೈ ನಡುಗುವುದಕ್ಕೆ, ನಿದ್ದೆ ಬಾರದ್ದಕ್ಕೆ ಔಷಧಿ ಕೊಡುತ್ತಾರೆ, ಬಿಟ್ಟ ಮೇಲೂ ವರ್ಷಗಟ್ಟಲೆ ಹೋಗಿ ತೋರಿಸುತ್ತಿರಬೇಕು. ಇನ್ನೊಂದು, ಭಾವನವರು ಹೇಳಿದ ಕೇಂದ್ರ, ಮೈಸೂರಿನ ಆಚೆ ತೋಟದ ನಡುವೆ. ನಲವತ್ತೈದು ದಿನ ಒಳಗೆ ಬಿಟ್ಟು ಬಂದರೆ ಆಯಿತು, ಬೆಳಗ್ಗೆ ಪೂಜೆ, ಸಂಜೆ ಭಜನೆ, ಯಾರಿಗೂ ಸುದ್ದಿಯಾಗುವುದಿಲ್ಲ. ಡಾಕ್ಟರು ವಾರಕ್ಕೊಮ್ಮೆ ಬರುತ್ತಾರಂತೆ. ನೀನು ಎರಡನ್ನೂ ನನ್ನ ಮುಂದೆ ಇಟ್ಟು, “ಪೂಜೆಯಿಂದ ಮನಸ್ಸಿಗೆ ಒಳ್ಳೇದಾಗುತ್ತೆ ಅತ್ತೆ, ಇಲ್ಲ ಅನ್ನಲ್ಲ. ಆದ್ರೆ ಅವ್ರ ಮೈಗೆ ಡಾಕ್ಟರು ಬೇಕು” ಎಂದೆ. ಭಾನುವಾರ ಸಾಯಂಕಾಲ ನಾನು ಒಪ್ಪಿದೆ. ಮಂಗಳವಾರಕ್ಕೆ ಬೆಂಗಳೂರಿನ ದಿನ ಗೊತ್ತಾಗಿತ್ತು. ನೀನು ಅವನ ಬಟ್ಟೆಯನ್ನೂ ಜೋಡಿಸಿದ್ದೆ.

ಸೋಮವಾರ ಬೆಳಗ್ಗೆ ನಾನು ತಿರುಗಿಬಿದ್ದೆ.

ಹಳದಿ ಕಾಗದದಲ್ಲಿ ಒಂದು ಸಾಲು ಇತ್ತು. ಸೇರಿಸಿಕೊಳ್ಳುವಾಗ ಮೈಮೇಲಿನದನ್ನೆಲ್ಲ ತೆಗೆದು ತೋರಿಸಬೇಕು, ತಾಯಿತ, ಉಡಿದಾರ, ಉಂಗುರ ಸಮೇತ. ಅವನ ಕೊರಳಲ್ಲಿದ್ದ ಲಿಂಗ ಇಡುವ ಕರಡಿಗೆಯ ವಿಷಯವನ್ನು ನೀನು ಫೋನಿನಲ್ಲಿ ಕೇಳಿಯೂ ಇದ್ದೆ. ಒಂದು ಸಲ ಬಿಚ್ಚಿ ನೋಡಿ ಅಲ್ಲೇ ವಾಪಸು ಕೊಡುತ್ತೇವೆ, ಕೊರಳಿಗೆ ಹಾಕಿಕೊಳ್ಳಲಿ ಎಂದಿದ್ದರಂತೆ. ನಾನು ಅದನ್ನೇ ಹಿಡಿದುಕೊಂಡೆ. ಹುಟ್ಟಿದಾಗ ಗುರುಗಳು ಕಟ್ಟಿದ ಲಿಂಗ, ಕಂಡವರ ಕೈ ತಾಗಿಸುವುದೇ? ಯಾವ ಜಾತಿಯ ನರ್ಸೋ, ಯಾವ ಕಾಂಪೌಂಡರೋ ಎಂದು ಬಾಯಿಗೆ ಬಂದದ್ದು ಅಂದೆ. ಆ ಮಾತು ಈಗ ನನ್ನ ನಾಲಿಗೆಯನ್ನೇ ಸುಡುತ್ತದೆ. “ನೀನೂ ಲಿಂಗ ಕಟ್ಟಿದ ಮನೇಲಿ ಹುಟ್ಟಿದವಳೇನವ್ವ?” ಎಂದೆ. ನೀನು ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ತೋಟದ ಕೇಂದ್ರದವರು ಕರಡಿಗೆ ಮುಟ್ಟುವುದಿಲ್ಲ ಎಂದಿದ್ದರು. ಅಲ್ಲಿಗೇ ಕರೆದೊಯ್ದೆ. ಬಾಗಿಲಲ್ಲಿ ಅವನ ಜೇಬು, ಚಪ್ಪಲಿ, ಬ್ಯಾಗು ಎಲ್ಲ ತಡಕಿದರು. ಕೊರಳಿಗೆ ಮಾತ್ರ ಕೈಮುಗಿದರು.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಎಬ್ಬಿಸಲು ಹೋದರೆ ಏಳಲಿಲ್ಲ. ಕೇಂದ್ರದವರು ಹೃದಯ ನಿಂತಿತು ಎಂದು ಬರೆದುಕೊಟ್ಟರು. ಆದರೆ ಮೈಸೂರಿನ ಆಸ್ಪತ್ರೆಯ ಡಾಕ್ಟರು ಭಾವನವರನ್ನೂ ನನ್ನನ್ನೂ ಪಕ್ಕಕ್ಕೆ ಕರೆದರು. ಗುಳಿಗೆ ತಿಂದಿದ್ದಾನಮ್ಮ, ಹದಿನೆಂಟು ದಿನ ಬಿಟ್ಟ ಮೈಗೆ ಮೊದಲಿನ ಲೆಕ್ಕದಲ್ಲಿ ತಿಂದರೆ ಉಸಿರೇ ನಿಂತುಹೋಗುತ್ತೆ, ಒಳಗೆ ಹೇಗೆ ಬಂತು ಎಂದು ಕೇಳಿದರು. ಅದಕ್ಕೆ ಆರು ದಿನ ಮುಂಚೆ ಒಳಗೆ ಹೋಗಿ ಬಂದವಳು ನೀನೊಬ್ಬಳೇ. ಭಾವನವರಿಗೆ ಅಷ್ಟು ಸಾಕಾಯಿತು.

ಒಳಗೆ ಹೇಗೆ ಬಂತು ಎನ್ನುವುದು ನನಗೆ ಕಂಡದ್ದು ಸಮಾಧಿಯ ಹತ್ತಿರ. ಅವನನ್ನು ಗುಣಿಯೊಳಗೆ ಕೂರಿಸಿದ ಮೇಲೆ ಎಡ ಅಂಗೈಗೆ ಲಿಂಗ ಇಡಬೇಕಲ್ಲ. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಕೊರಳಿಗೆ ಕೈ ಹಾಕುವ ಮೊದಲೇ, “ನನ್ ಮಗ, ನಾನೇ ಇಡ್ತೀನಿ ಬುಡಿ” ಎಂದು ಸೆರಗು ಅಡ್ಡ ಹಿಡಿದು ಕರಡಿಗೆ ಬಿಚ್ಚಿದೆ. ಒಳಗೆ ಎರಡು ಗುಳಿಗೆ ಉಳಿದಿದ್ದವು, ಮೇಲ್ಭಾಗ ನೀಲಿ, ಕೆಳಗೆ ಬಿಳಿ. ಮುಷ್ಟಿಯಲ್ಲಿ ಮುಚ್ಚಿಕೊಂಡೆ, ಕರಡಿಗೆಯನ್ನು ಸೆರಗಿಗೆ ಕಟ್ಟಿಕೊಂಡೆ. ಲಿಂಗ ಇಟ್ಟಾಯಿತು, ಮಣ್ಣು ಎಳೆದರು. ನೀನು ಒಯ್ದ ಡಬ್ಬದಲ್ಲಿ ಕೋಡುಬಳೆ ಬಿಟ್ಟು ಬೇರೇನೂ ಇರಲಿಲ್ಲ ತಾಯಿ. ಅವನೇ ಮನೆಯಿಂದ ಎದೆಯ ಮೇಲೆ ಹೊತ್ತುಕೊಂಡು ಹೋಗಿದ್ದ.

ಹದಿನೆಂಟು ದಿನ ಅದು ಅವನ ಎದೆಯ ಮೇಲೇ ಇತ್ತು, ಆದರೂ ಮುಟ್ಟಲಿಲ್ಲ. ನೀನು ನೋಡಲು ಹೋದಾಗ ಅವನು, ಮುಖ ತುಂಬಿಕೊಂಡಿದ್ದೀನಿ ಅಲ್ವಾ, ಬಿಂದುಗೆ ಹೇಳು, ಸಂಕ್ರಾಂತಿಗೆ ಬತ್ತೀನಿ ಎಂದನಂತಲ್ಲ. ಸುಳ್ಳು ಹೇಳಿರಲಿಲ್ಲ ಅವನು. ಗೆಲ್ಲುತ್ತಿದ್ದ. ಯಾರಾದರೂ ಮೊದಲ ದಿನವೇ ಆ ಕರಡಿಗೆ ಬಿಚ್ಚಿ ನೋಡಿದ್ದರೆ ಪೂರ್ತಿ ಗೆದ್ದುಬಿಡುತ್ತಿದ್ದ.

ಡಿಸೆಂಬರಿನಲ್ಲಿ ವರ್ಷದ ಕಾರ್ಯ. ನಿನ್ನನ್ನು ಕರೆಯುವುದು ಬೇಡ ಎಂದು ಭಾವನವರು ಹೇಳಿ ಕಳಿಸಿದ್ದಾರೆ. ಅವರು ಯಾರು ಹೇಳುವುದಕ್ಕೆ? ಅದೇ ಪಂಕ್ತಿಯ ಮುಂದೆ ನಿಂತು ಕರಡಿಗೆಯನ್ನೂ ಆ ಎರಡು ಗುಳಿಗೆಯನ್ನೂ ತೋರಿಸಿ ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಬಂದರೆ ನನ್ನ ಕಾಲಿಗೆ ಬೀಳಬೇಡ. ಬಾರದಿದ್ದರೆ ತಪ್ಪು ತಿಳಿಯುವುದಿಲ್ಲ, ನಿನ್ನ ಜಾಗದಲ್ಲಿ ನಾನಿದ್ದರೆ ಈ ಕಾಗದವನ್ನೂ ಒಡೆಯುತ್ತಿರಲಿಲ್ಲ. ಬಿಂದುಶ್ರೀಗೆ ಹಾಲುಹಲ್ಲು ಬಿದ್ದಿದೆಯಂತೆ. ಬೆಳಗ್ಗೆ ತಣ್ಣೀರಿನಲ್ಲಿ ಆಡಲು ಬಿಡಬೇಡ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಅತ್ತೆ
ಮಂಗಳಮ್ಮ

ಹೆಸರು ಹಾಕಿದ ಮೇಲೂ ಪೆನ್ನು ಮುಚ್ಚಲು ಆಗುತ್ತಿಲ್ಲ. ಕರಡಿಗೆಯಲ್ಲಿ ಗುಳಿಗೆ ಇದ್ದರೆ ಅಂಗೈಗೆ ಇಡಲು ಲಿಂಗ ಎಲ್ಲಿಂದ ಬಂತು ಎಂದು ನೀನು ಕೇಳುತ್ತೀಯ, ನೀನು ಬುದ್ಧಿವಂತೆ. ಅದು ನನ್ನ ಸೊಂಟದ ಎಲೆಯಡಿಕೆ ಚೀಲದಲ್ಲಿತ್ತು. ಆ ಸೋಮವಾರ ಬೆಳಗ್ಗೆ ದೇವರ ಮನೆ ಒರೆಸುವಾಗ ವಿಭೂತಿ ಬುಟ್ಟಿಯ ತಳದಲ್ಲಿ ಸಿಕ್ಕಿತು. ಅವನ ಹಳೆಯ ಕರ್ಚೀಫಿನಲ್ಲಿ ಜೋಪಾನವಾಗಿ ಸುತ್ತಿ ಇಟ್ಟಿದ್ದ. ನಾನು ಅವನ ಕೋಣೆಗೆ ಹೋದೆ. ಇನ್ನೂ ಮಲಗಿದ್ದ. ಎದೆಯ ಮೇಲಿನ ಕರಡಿಗೆಯನ್ನು ಮೆಲ್ಲಗೆ ಎತ್ತಿದೆ. ಬಟ್ಟೆಯಲ್ಲಿ ಸುತ್ತಿದ ಲಿಂಗ ಸದ್ದು ಮಾಡುವುದಿಲ್ಲ, ನಿನಗೂ ಗೊತ್ತು. ಅಲ್ಲಾಡಿಸಿ ನೋಡಿದೆ, ಪವಿತ್ರ. ಒಳಗೆ ಗಲಗಲ ಎಂದಿತು. ಬೆಂಗಳೂರಿನಲ್ಲಿ ನಾಲ್ಕು ಜನರ ಮುಂದೆ ಇದನ್ನು ಬಿಚ್ಚಿಸುತ್ತಾರೆ, ಮಾನ ಹೋಗುತ್ತದೆ ಎಂದುಕೊಂಡೆ. ಹಾಗೇ ಅವನ ಎದೆಯ ಮೇಲೆ ವಾಪಸು ಇಟ್ಟು, ಒಲೆಯ ಹತ್ತಿರ ಬಂದು, ಬೆಂಗಳೂರು ಬೇಡ ಎಂದು ನಿನಗೆ ಹೇಳಿದೆ.